ಹತ್ತು ಸೆಂಟಿಮೀಟರಿನ ಚೌಕ

ಮಾರ್ಚ್ 3, ಸೋಮವಾರ

ಸಂಜೆ ಏಳು. ಇವತ್ತು ಎರಡು ಗವಸು ಹೊಲಿದೆ, ಎರಡನ್ನೂ ಬಿಚ್ಚಿದೆ. ಬೇರೆ ಏನೂ ಆಗಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಥೆರಪಿಸ್ಟ್ ಮೇಡಂ ಫೋನ್ ಮಾಡಿದ್ದರು. ಸುಟ್ಟಗಾಯದ ವಾರ್ಡಿಗೆ ಹದಿನೆಂಟು ವರ್ಷದಿಂದ ಪ್ರೆಶರ್ ಬಟ್ಟೆ ಹೊಲಿಯುತ್ತಿರುವ ನನಗೇ ಪಾಠ ಹೇಳಿದರು. ಕಲೆ ಉಬ್ಬಿ ಗಟ್ಟಿಯಾಗದಂತೆ ಚರ್ಮವನ್ನು ಒತ್ತಿ ಹಿಡಿಯಬೇಕಂತೆ. ಸಡಿಲವಾದರೆ ದಂಡ, ಬಿಗಿಯಾದರೆ ರಕ್ತ ನಿಲ್ಲುತ್ತದಂತೆ.

"ಹೋದ ವಾರದ ಎರಡೂ ವಾಪಸ್ ಕಳಿಸ್ತಿದ್ದೀನಿ. ಹೊಲಿಗೆ ಚೆನ್ನಾಗಿದೆ, ಆದ್ರೆ ಸುಕ್ಕು. ಸುಕ್ಕಿದ್ದ ಕಡೆ ಒತ್ತಲ್ಲ. ತಿಂಗಳ ಕೊನೇಲಿ ಮೀಟಿಂಗ್ ಇದೆ. ರೆಡಿಮೇಡ್ ತರಿಸೋಣ ಅಂತಿದ್ದಾರೆ, ಸಣ್ಣ, ಮಧ್ಯಮ, ದೊಡ್ಡದು ಅಂತ ಮೂರು ಸೈಜು. ನಿಮ್ಮಕ್ಕ ಇದ್ದಾಗ ನಾನೇ ಬೇಡ ಅಂತ ಜಗಳ ಆಡಿದ್ದೆ. ಈಗ ಏನು ತೋರಿಸಿ ಜಗಳ ಆಡ್ಲಿ ಹೇಳಿ."

ನಾನು ಹ್ಞೂಂ ಎಂದೆ.

ಅಕ್ಕ ತೀರಿಕೊಂಡು ಐದು ವಾರ. ಅಳತೆ ತೆಗೆಯುವುದು, ಬ್ರೌನ್ ಪೇಪರಿನ ಮೇಲೆ ಪ್ಯಾಟರ್ನ್ ಬಿಡಿಸುವುದು ಅವಳ ಕೆಲಸ. ಕತ್ತರಿಸಿ ಹೊಲಿಯುವುದು ನನ್ನದು. ಅವಳು ಅಳತೆ ಪುಸ್ತಕ ನೋಡಿ ಟೇಪು ಹಿಡಿದು ಚುಕ್ಕೆ ಇಡುತ್ತಾಳೆ, ಆಮೇಲೆ ಚುಕ್ಕೆಗಳನ್ನು ಸೇರಿಸಿ ಒಂದೇ ಗೆರೆ ಎಳೆಯುತ್ತಾಳೆ. ರಬ್ಬರ್ ಮುಟ್ಟುವುದಿಲ್ಲ. ಅದೇ ಚುಕ್ಕೆಗಳನ್ನು ನಾನು ಸೇರಿಸಿದರೆ ಗೆರೆ ಒಡೆದ ಬಳೆಯ ಹಾಗೆ ಬರುತ್ತದೆ. ಒಂದು ದಿನವೂ ಕಲಿಸಲಿಲ್ಲ ಎಂದು ಬರೆಯಹೊರಟೆ. ಸುಳ್ಳು. ಬಾ ಬಾ ಎಂದು ಎಷ್ಟೋ ಸಲ ಕರೆದಳು, ನಾನೇ ಮಿಷನ್ ಬಿಟ್ಟು ಏಳಲಿಲ್ಲ.

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಹುಟ್ಟಿದಾಗಿನಿಂದ ಸಣಕಲಿ, ಹಾಗಾಗಿ ಎಲ್ಲರ ಬಾಯಲ್ಲೂ ಅವಳ ಹೆಸರು ಕಡ್ಡಿ. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನ ನೀರಾವರಿ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಾಳೆ.

"ಅಂಕಿ ಇದೆಯಲ್ಲ ಮಾವ, ಕಂಪ್ಯೂಟರ್ ಬಿಡಿಸುತ್ತೆ. ನಾವು ನದಿಗಳನ್ನೇ ಬಿಡಿಸ್ತೀವಿ, ಕೈ ಯಾವ ಲೆಕ್ಕ?"

ಅವಳ ಹಳೆಯ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು. ಇಳಿಸಿದೆ. ಅಕ್ಕನ ಮೇಜಿನ ಮೇಲೆ ಇಡಲು ಮನಸ್ಸಾಗಲಿಲ್ಲ, ಇಸ್ತ್ರಿ ಮೇಜಿನ ಮೇಲಿಟ್ಟೆ.

ನಾಳೆ ಮಂಗಳವಾರ, ವಾರ್ಡಿನಲ್ಲಿ ಅಳತೆಯ ದಿನ.

ಮಾರ್ಚ್ 4, ಮಂಗಳವಾರ

ಅಕ್ಕನ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೋದೆ. ಮೇಡಂ ತಮ್ಮ ಕಾಗದದ ಟೇಪು ಕೊಡಲು ಬಂದರು, ಬೇಡ ಎಂದೆ. ಅಕ್ಕನದು ಇರುವಾಗ ಅದೇಕೆ?

ಒಬ್ಬರದೇ ಅಳತೆ ಆಯಿತು. ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು, ಬಲಗೈ ಬೆರಳಿನಿಂದ ಮೊಣಕೈ ಮೇಲಿನವರೆಗೆ ಕಾದ ಎಣ್ಣೆ ಬಿದ್ದಿದೆ. ಅಕ್ಕ ಹೊಲಿಸಿಕೊಟ್ಟ ತೋಳಿನ ಬಟ್ಟೆ ಮೂರು ತಿಂಗಳಾಗಿ ಸಡಿಲವಾಗಿದೆ. ಕಲೆ ಮೇಲೆದ್ದು ಮೊಣಕೈಯನ್ನು ಎಳೆಯುತ್ತಿದೆ, ಕೈ ಪೂರ್ತಿ ಚಾಚಲು ಬರುವುದಿಲ್ಲ. ಈ ತಿಂಗಳೊಳಗೆ ಸರಿಯಾದ ಬಟ್ಟೆ ಬೀಳದಿದ್ದರೆ ಆಪರೇಷನ್ ಎಂದರು ಮೇಡಂ. ಬೇಕರಿಯ ಮಾಲೀಕ ಒಂದನೇ ತಾರೀಖಿನವರೆಗೆ ಮಾತ್ರ ಜಾಗ ಕಾದಿರಿಸಿದ್ದಾನಂತೆ.

ಮಣಿಕಟ್ಟಿನಿಂದ ಮೇಲಕ್ಕೆ ಮೂರು ಮೂರು ಸೆಂಟಿಮೀಟರಿಗೆ ಒಂದು ಸುತ್ತಳತೆ. ಟೇಪು ಜಾರಿ ಎರಡು ಸಲ ಮೊದಲಿನಿಂದ ಮಾಡಿದೆ.

"ಏನಣ್ಣ," ಎಂದಳು, "ಮದುವೆ ದಿನ ನಮ್ಮ ಯಜಮಾನ್ರೂ ನನ್ನ ಕೈ ಇಷ್ಟು ಹೊತ್ತು ಹಿಡ್ಕೊಂಡಿರ್ಲಿಲ್ಲ."

ಪಕ್ಕದ ಹಾಸಿಗೆಯವರೆಲ್ಲ ನಕ್ಕರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ಅಕ್ಕ ಇದನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸುತ್ತಾಳೆ, ಅದೂ ಮಾತಾಡಿಸುತ್ತ.

ಮಾರ್ಚ್ 6, ಗುರುವಾರ

ತಲೆ ಕೆಟ್ಟು ಗೊಬ್ಬರವಾಗಿದೆ.

ಪೈಥಾನ್ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಕಡ್ಡಿ ಮೂವತ್ತು ಸಾಲು ಬರೆದು ಫೋನಿಗೆ ಕಳಿಸಿದ್ದಳು. ಅದನ್ನು ನೋಡಿ ನೋಡಿ ಒಂದು ಬೆರಳಿನಲ್ಲಿ ಕುಟ್ಟಿದೆ. ಒಂದೆಡೆ ಕಾಮಾ ಚಿಹ್ನೆ ಬಿಟ್ಟಿದ್ದೆ, ಕೆಂಪಕ್ಷರದಲ್ಲಿ ಬೈಯಿತು. ಇನ್ನೊಂದೆಡೆ ಸಾಲಿನ ಮುಂದೆ ನಾಲ್ಕು ಜಾಗ ಬಿಡುವ ಬದಲು ಮೂರು ಬಿಟ್ಟಿದ್ದೆ, ಮತ್ತೆ ಬೈಯಿತು. ಕಣ್ಣಿಗೇ ಕಾಣದ ಜಾಗವನ್ನು ಎಣಿಸುವುದು ಹೇಗೆ? ಹೊಲಿಗೆಯಲ್ಲಿ ತಪ್ಪಾದರೆ ಬಟ್ಟೆ ಕೈಗೆ ತಿಳಿಸುತ್ತದೆ. ಇದು ಮಾಸ್ತರರ ಹಾಗೆ ಸಾಲಿನ ನಂಬರು ಹೇಳಿ ಸುಮ್ಮನಾಗುತ್ತದೆ.

ನಾಲ್ಕು ಗಂಟೆಗೆ ಚಿತ್ರ ಬಂತು. ನಡುವೆ ಒಂದು ನೆಟ್ಟಗಿನ ಗೆರೆ, ಆ ಕಡೆ ಈ ಕಡೆ ತೋಳಿನ ಅಂಚು. ಅಂಚು ನುಣುಪಾಗಿತ್ತು, ಅಕ್ಕನ ಗೆರೆಯಷ್ಟೇ. ಆಮೇಲೆ ಪರೀಕ್ಷಿಸೋಣವೆಂದು ಪುಸ್ತಕದಲ್ಲಿದ್ದ ಆರು ವರ್ಷದ ಮಗುವಿನ ಅಳತೆ ಹಾಕಿದೆ. ಅದೂ ಅಷ್ಟೇ ದೊಡ್ಡದು ಬಂತು. ರೈಲ್ವೆ ಹಮಾಲನ ಅಳತೆ ಹಾಕಿದೆ. ಅದೂ ಅಷ್ಟೇ.

ಕಡ್ಡಿಗೆ ಫೋನ್ ಮಾಡಿ ರೇಗಿದೆ.

"ಅದು ಯಾವ ಅಂಕಿ ಕೊಟ್ರೂ ಚೌಕಟ್ಟು ತುಂಬೋ ಹಾಗೆ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತೆ ಮಾವ. ಗ್ರಾಫ್ ನೋಡೋರಿಗೆ ಆಕಾರ ಸಾಕು, ಗಾತ್ರ ಬೇಡ."

"ನಾನು ಗ್ರಾಫ್ ನೋಡೋನಲ್ಲ ಕಣೆ, ತೊಡಿಸೋನು. ಒಂದು ಸೆಂಟಿಮೀಟರ್ ಅಂದ್ರೆ ಕಾಗದದ ಮೇಲೆ ಒಂದು ಸೆಂಟಿಮೀಟರೇ ಇರ್ಬೇಕು."

"ಆಯ್ತು, ಕಿರುಚ್ಬೇಡ. ಕಾಗದದ ಅಳತೆ ನಾವೇ ಹೇಳೋಣ. ಆದ್ರೆ ಅದಕ್ಕೆ ಇಂಚಲ್ಲಿ ಹೇಳ್ಬೇಕು, ಎರಡು ಪಾಯಿಂಟ್ ಐದು ನಾಲ್ಕರಿಂದ ಭಾಗಿಸು. ಮೂಲೇಲಿ ಹತ್ತು ಸೆಂಟಿಮೀಟರಿನ ಒಂದು ಚೌಕ ಬಿಡಿಸಿರು. ಪ್ರಿಂಟ್ ಆದ್ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಚೌಕ ಅಳೆದು ನೋಡು. ಅದು ಸರಿ ಇದ್ರೆ ಎಲ್ಲಾ ಸರಿ."

ಇಂಚಂತೆ. ನಮ್ಮದು ಸೆಂಟಿಮೀಟರು, ಅದರದು ಇಂಚು, ಮಧ್ಯೆ ನಾನು.

ಮಾರ್ಚ್ 8, ಶನಿವಾರ

ತೋಳು ಮಾಮೂಲಿ ಪ್ರಿಂಟರಿನ ಕಾಗದಕ್ಕಿಂತ ಉದ್ದ. ಕಟ್ಟಡದ ಪ್ಲಾನ್‌ಗಳನ್ನು ದೊಡ್ಡ ರೋಲಿನ ಮೇಲೆ ಪ್ರಿಂಟ್ ಹಾಕುವ ಅಂಗಡಿಗೆ ಹೋದೆ. ಅದರ ಯಜಮಾನನಿಗೆ ರೋಲಪ್ಪ ಎಂದೇ ಹೆಸರು ಬಿದ್ದಿದೆ. ನನ್ನ ಚಿತ್ರವನ್ನು ಮೇಲೆ ಕೆಳಗೆ ನೋಡಿದ.

"ಇದ್ಯಾವ ಮನೆ ಸಾರ್? ಬಾಗಿಲೇ ಇಲ್ಲ."

ಚೌಕ ಏಳೂಮುಕ್ಕಾಲು ಸೆಂಟಿಮೀಟರ್ ಬಂತು. ಅವನ ಕೌಂಟರಿನ ಸ್ಟೀಲ್ ಸ್ಕೇಲಿನಲ್ಲಿ ಮೂರು ಸಲ ಅಳೆದೆ, ಮೂರು ಸಲವೂ ಏಳೂಮುಕ್ಕಾಲು. ಕಾಗದದ ಅಳತೆ ಹೇಳಿದ್ದೇನೋ ನಿಜ, ಆದರೆ ಚಿತ್ರ ಬಿಡಿಸುವ ಆ ಪ್ರೋಗ್ರಾಮು ಸುತ್ತಲೂ ತಾನಾಗಿ ಅಂಚು ಬಿಟ್ಟುಕೊಂಡು, ಉಳಿದ ಜಾಗದಲ್ಲಿ ಚಿತ್ರ ತುರುಕಿದೆ. ಕೇಳದೆ ಉಪಕಾರ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಮಾರ್ಚ್ 11, ಮಂಗಳವಾರ

ಚಿತ್ರ ಕಾಗದದ ತುದಿಯಿಂದ ತುದಿಗೆ ಬರುವಂತೆ ಮಾಡಿದೆ. ಪಕ್ಕದಲ್ಲಿ ತುಂಬ ಬಿಳಿ ಜಾಗ ಉಳಿಯಿತು. ವ್ಯರ್ಥವೆನಿಸಿ, ಎಲ್ಲೋ ಹುಡುಕಿ, ಸುತ್ತಲಿನ ಬಿಳಿಯನ್ನು ಕತ್ತರಿಸುವ ಒಂದು ಸಾಲು ಸೇರಿಸಿದೆ. ರೋಲಪ್ಪನ ಮಿಷನ್ ಆ ಕತ್ತರಿಸಿದ ಚಿತ್ರವನ್ನು ತನ್ನ ರೋಲಿನ ಅಗಲಕ್ಕೆ ಹಿಗ್ಗಿಸಿತು. ಚೌಕ ಹನ್ನೊಂದೂಕಾಲು.

ಕಡ್ಡಿ ಫೋನಿನಲ್ಲಿ ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು.

"ಬಟ್ಟೆ ಉಳಿಸೋ ಬುದ್ಧೀನ ಇಲ್ಲಿ ತೋರಿಸ್ಬೇಡ ಮಾವ. ಆ ಸಾಲು ತೆಗಿ. ಅವ್ರಿಗೂ ಹೇಳು, ಫಿಟ್ ಅಂತ ಇರೋದನ್ನ ಒತ್ಬಾರ್ದು, ನೂರಕ್ಕೆ ನೂರು ಅಂತ ಒತ್ಬೇಕು."

ವಾರ್ಡಿನಲ್ಲಿ ಬೇಕರಿಯ ಹೆಂಗಸು ಬಾಗಿಲಲ್ಲೇ ಕೂತಿದ್ದಳು. ಬಟ್ಟೆ ಎಲ್ಲಿ ಎಂದು ಕೇಳಲಿಲ್ಲ, ನನ್ನ ಖಾಲಿ ಕೈ ನೋಡಿದಳು. ಅದಕ್ಕಿಂತ ಬೈದಿದ್ದರೆ ವಾಸಿ.

ಮಾರ್ಚ್ 14, ಶುಕ್ರವಾರ

ಹತ್ತು. ಅಡ್ಡಕ್ಕೂ ಹತ್ತು, ಉದ್ದಕ್ಕೂ ಹತ್ತು.

ರೋಲಪ್ಪ ಸ್ಕೇಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೂ ಅಳೆದ. "ಇಷ್ಟಕ್ಕೆ ಮೂರು ಸಲ ಬಂದ್ರಾ? ನಮ್ಮ ಇಂಜಿನಿಯರುಗಳು ಮನೇನೇ ಅರ್ಧ ಅಡಿ ಆಚೆ ಕಟ್ತಾರೆ, ತಲೆ ಕೆಡಿಸ್ಕೊಳಲ್ಲ."

ಕತ್ತರಿಸಿದೆ. ಇಂಥ ಅಂಚಿನ ಮೇಲೆ ಹೊಲಿಗೆ ಓಡುವುದೇ ಗೊತ್ತಾಗುವುದಿಲ್ಲ. ಒಂದು ಕಡೆಯೂ ಸುಕ್ಕಿಲ್ಲ. ಹಸಿವಾಯಿತು, ಕೂತು ಉಂಡೆ.

ಮಾರ್ಚ್ 18, ಮಂಗಳವಾರ

ಆಗಲಿಲ್ಲ.

ತೋಳು ಬಿಗಿಯಾಗಿ ಮೊಣಕೈ ದಾಟದೆ ಸಿಕ್ಕಿಕೊಂಡಿತು. ಬೆರಳುಗಳು ಹತ್ತು ನಿಮಿಷಕ್ಕೆ ನೇರಳೆ ಬಣ್ಣಕ್ಕೆ ತಿರುಗಿದವು. ಮೇಡಂ ಉಗುರು ಒತ್ತಿ ನೋಡಿ, ತಕ್ಷಣ ಬಿಚ್ಚಿದರು. ಚರ್ಮದ ಮೇಲೆ ಹೊಲಿಗೆಯ ಗುರುತು ಎದ್ದಿತ್ತು.

"ಅಳತೆ ಸರಿ ತೆಗ್ದಿದ್ರಾ?" ಎಂದರು.

"ಎರಡೆರಡು ಸಲ."

"ಹಾಗಾದ್ರೆ ಇದು ಯಾರ ಕೈಗೆ ಹೊಲಿದದ್ದು?"

ಬೇಕರಿಯ ಹೆಂಗಸು ಬೆರಳು ಮಡಿಸಿ ಬಿಡಿಸುತ್ತ, "ಇರ್ಲಿ ಬಿಡಿ ಮೇಡಂ, ಅಣ್ಣ ನನ್ನ ಕೈ ಸಣ್ಣಗೆ ಚೆಂದ ಇದೆ ಅಂದ್ಕೊಂಡಿದ್ದಾರೆ" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಒಂದನೇ ತಾರೀಖಿಗೆ ಎರಡು ವಾರ.

ಮಾರ್ಚ್ 20, ಗುರುವಾರ

ಎರಡು ದಿನದಿಂದ ಮೂವತ್ತೂ ಸಾಲನ್ನು ಅಗೆಯುತ್ತಿದ್ದೇನೆ. ಬಟ್ಟೆ ಎಳೆದು ಕೂರಲೆಂದು ನೂರಕ್ಕೆ ಹದಿನೈದು ಕಡಿಮೆ ಮಾಡುತ್ತೇವೆ. ಎರಡು ಸಲ ಕಡಿಮೆಯಾಗಿದೆಯೇ ಎಂದು ಕೈಲೆಕ್ಕ ಹಾಕಿದೆ. ಇಲ್ಲ. ಹೊಲಿಗೆಗೆ ಬಿಡುವ ಅಂಚು ಇದೆ. ಚೌಕ ಹತ್ತೇ ಇದೆ.

ಕಡ್ಡಿಗೆ ಫೋನ್ ಮಾಡಿದೆ. ನಿನ್ನ ಕೋಡೇ ಸರಿಯಿಲ್ಲ ಎಂದೆ. ಸರಿಯಿದೆ ಎಂದಳು. ಹಾಗಾದರೆ ನಿಮ್ಮಮ್ಮ ಹಾಕಿಕೊಟ್ಟ ಪದ್ಧತಿಯೇ ತಪ್ಪೇನು ಎಂದುಬಿಟ್ಟೆ.

ಆಮೇಲೆ ಹೇಳಿದಳು: "ಅಮ್ಮ ಹೋದ್ಮೇಲೆ ನೀನು ನನ್ಹತ್ರ ಮಾತಾಡಿರೋದೆಲ್ಲ ಚೌಕದ ಬಗ್ಗೆ. ಊಟ ಆಯ್ತಾ ಅಂತ ಒಂದ್ಸಲ ಕೇಳಿದ್ಯಾ ಮಾವ?"

ಕೇಳಿಲ್ಲ. ಆಗಲಾದರೂ ಕೇಳಬಹುದಿತ್ತು. ಇಟ್ಟುಬಿಟ್ಟಳು.

ಮಾರ್ಚ್ 21, ಶುಕ್ರವಾರ

ಮಿಷನ್ ಮುಟ್ಟಲಿಲ್ಲ.

ಮಾರ್ಚ್ 23, ಭಾನುವಾರ

ಹನ್ನೊಂದರ ಬಸ್ಸಿಗೆ ಕಡ್ಡಿ ಬಂದಳು. ಹೇಳಿರಲಿಲ್ಲ. ಬಾಗಿಲು ತೆಗೆದಾಗ ನನಗೆ ಮೊದಲು ಬಾಯಿಗೆ ಬಂದದ್ದು ಊಟ ಆಯ್ತಾ ಎಂದು.

"ಆಯ್ತು, ದೊಡ್ಡ ಉಪಕಾರ," ಎಂದು ಒಳಗೆ ಬಂದಳು.

ವಾಪಸು ಬಂದ ತೋಳು, ಪ್ಯಾಟರ್ನು, ಪುಸ್ತಕ ಎಲ್ಲ ನೆಲದ ಮೇಲೆ ಹರಡಿಕೊಂಡು ಕೂತಳು. ಒಂದು ಗಂಟೆ ಏನೂ ಸಿಗಲಿಲ್ಲ. ಆಮೇಲೆ ಕೇಳಿದಳು, "ಮೊದ್ಲು ನೀನು ಕೈಯಲ್ಲಿ ಬಿಡಿಸಿದ್ಯಲ್ಲ, ಅವೂ ಬಿಗಿ ಆಗಿತ್ತಾ?"

"ಇಲ್ಲ. ಬರೀ ಸುಕ್ಕು."

"ಅದೇ ತರ ಅಳತೆ ತೆಗ್ದಿದ್ದು, ಬಿಗಿ ಆಗ್ಲಿಲ್ಲ. ಕಂಪ್ಯೂಟರಲ್ಲಿ ಬಿಡಿಸಿದ್ದು ಮಾತ್ರ ಬಿಗಿ. ಯಾಕೆ?"

"ನಿನ್ನ ಚೌಕ ಚಿಕ್ಕದು, ಅದಕ್ಕೆ. ನೋಡು." ಸಿಟ್ಟಿನಲ್ಲಿ ಅಕ್ಕನ ಟೇಪು ತೆಗೆದು ಪ್ರಿಂಟಿನ ಚೌಕದ ಮೇಲಿಟ್ಟೆ. ಒಂಬತ್ತು ಸೆಂಟಿಮೀಟರು ಆರು ಮಿಲಿಮೀಟರು. "ಹತ್ತೇನೇ ಇದು?"

ಕಡ್ಡಿ ಚೀಲದಿಂದ ಕಚೇರಿಯ ಸ್ಟೀಲ್ ಸ್ಕೇಲು ತೆಗೆದು ಅದೇ ಚೌಕದ ಮೇಲಿಟ್ಟಳು. ಹತ್ತು.

ಅವಳು ಟೇಪನ್ನು ಸ್ಕೇಲಿನ ಪಕ್ಕಕ್ಕೆ ಹಾಸಿದಳು. ಟೇಪಿನ ಹತ್ತು, ಸ್ಕೇಲಿನ ಹತ್ತನ್ನು ದಾಟಿ ನಾಲ್ಕು ಗೆರೆ ಆಚೆ ಕೂತಿತ್ತು.

"ಇದನ್ನ ಅಮ್ಮ ಹೇಗೆ ತೊಳೀತಿದ್ಲು?"

"ವಾರ್ಡಿಂದ ಬಂದ ಕೂಡ್ಲೆ, ಔಷಧಿ ಹಾಕಿ, ಕುದಿಯೋ ನೀರಲ್ಲಿ."

"ಒಣಗಿಸೋದು?"

"ಆ ಮೊಳೆಗೆ ತೂಗುಹಾಕಿ. ಸುರುಳಿ ಸುತ್ಕೊಳ್ದೆ ಇರ್ಲಿ ಅಂತ ಕೆಳಗಡೆ ಕತ್ತರಿ ಕಟ್ಟೋಳು."

"ಯಾವ ಕತ್ತರಿ?"

"ದೊಡ್ಡದು."

ಕಡ್ಡಿ ನಗಲು ಶುರುಮಾಡಿದಳು. ಎಷ್ಟು ಹೊತ್ತು ನಕ್ಕಳೆಂದರೆ ಕೊನೆಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ನೀರು ತಂದುಕೊಟ್ಟು ಪಕ್ಕದಲ್ಲಿ ಕೂತೆ. ಟೇಪನ್ನು ಸುತ್ತಿದೆ, ಬಿಚ್ಚಿದೆ.

ಮೂಗು ಒರೆಸಿಕೊಂಡು ಅವಳೇ ಹೇಳಿದಳು. "ಅದೇ ಜಗ್ಗಿದ ಟೇಪಲ್ಲಿ ಅಳೆದು, ಅದೇ ಟೇಪಲ್ಲಿ ಬಿಡಿಸೋಳು. ಹೋಗ್ತಾ ಹೇಳಿದ ಸುಳ್ಳನ್ನೇ ಬರ್ತಾನೂ ಹೇಳಿದ್ರೆ ಲೆಕ್ಕ ಸರಿಹೋಗುತ್ತೆ. ನಾವು ಮಧ್ಯದಲ್ಲಿ ಕಂಪ್ಯೂಟರ್ ಅನ್ನೋ ಒಬ್ಬ ಸತ್ಯವಂತನ್ನ ತಂದು ಕೂರಿಸಿದ್ವಿ."

ಮೂರು ವಾರ. ಆ ಕಾಗದದ ಟೇಪನ್ನು ಬೇಡವೆಂದವನು ನಾನೇ.

ಮಾರ್ಚ್ 24, ಸೋಮವಾರ

ಕಡ್ಡಿ ರಜೆ ಹೇಳಿದಳು.

ಹೊಸ ಟೇಪು ತಂದು ಎಲ್ಲರನ್ನೂ ಮತ್ತೆ ಅಳೆದರಾಯಿತು ಎಂದಳು. ಅಕ್ಕನ ಪುಸ್ತಕದಲ್ಲಿ ಈ ವರ್ಷದ್ದೇ ಹದಿನೇಳು ಜನ, ಮೂರು ತಿಂಗಳಿಗೊಮ್ಮೆ ದೂರದಿಂದ ಬರುವವರು. ಬರೀ ಅಳತೆಗೆಂದು ಅವರನ್ನು ಓಡಾಡಿಸಲು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಎಲ್ಲಕ್ಕೂ ನೂರಕ್ಕೆ ನಾಲ್ಕು ಸೇರಿಸೋಣ ಎಂದಳು. ಅದೂ ಸರಿಬರುವುದಿಲ್ಲ ಎಂದೆ. ಅಕ್ಕ ಕೈಕಾಲಿಗೆ ಸುತ್ತಿ ಎಳೆಯುತ್ತಿದ್ದುದು ಟೇಪಿನ ಮೊದಲರ್ಧವನ್ನು, ಅದೇ ಹೆಚ್ಚು ಜಗ್ಗಿರಬೇಕು. ಹಾಸಿ ನೋಡಿದರೆ ಹಾಗೆಯೇ ಇತ್ತು. ಟೇಪಿನ ಇಪ್ಪತ್ತಕ್ಕೆ ಎಂಟು ಮಿಲಿಮೀಟರು ಹೆಚ್ಚು, ಐವತ್ತಕ್ಕೆ ಹದಿನಾರು, ನೂರಕ್ಕೆ ಬರೀ ಇಪ್ಪತ್ತೊಂದು.

ಐದೈದು ಸೆಂಟಿಮೀಟರಿಗೆ ಒಂದರಂತೆ ಪಟ್ಟಿ ಮಾಡಿದೆವು. ಅವಳು ಓದಿದಳು, ನಾನು ಕುಟ್ಟಿದೆ. ಇಸ್ತ್ರಿ ಮೇಜು ಅಲುಗಾಡಿ ಎರಡು ಸಲ ತಪ್ಪು ಗುಂಡಿ ಒತ್ತಿಹೋಯಿತು, ಲ್ಯಾಪ್‌ಟಾಪನ್ನು ಅಕ್ಕನ ಮೇಜಿಗೆ ತಂದೆ. ಅಲ್ಲಿ ಬೆಳಕೂ ಚೆನ್ನಾಗಿದೆ. ಪುಸ್ತಕದ ಅಂಕಿ ಕೊಟ್ಟರೆ ಕೋಡು ಈಗ ಪಟ್ಟಿ ನೋಡಿ, ಎರಡು ಗುರುತುಗಳ ನಡುವಿನದನ್ನು ಹಂಚಿಕೊಂಡು, ನಿಜವಾದ ಸುತ್ತಳತೆ ಹೇಳುತ್ತದೆ.

ಪಟ್ಟಿ ಸರಿಯಿದೆಯೇ ಎಂದು ತಿಳಿಯುವುದು ಹೇಗೆ ಎಂದು ಕಡ್ಡಿ ಕೇಳಿದಳು. ಪಟ್ಟಿಯ ಪ್ರಕಾರ ಈ ಟೇಪಿನ ಚಿತ್ರವನ್ನೇ ಬಿಡಿಸಿಬಿಡು ಎಂದೆ. ಹೇಗೆ ಹೊಳೆಯಿತೋ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ನಾನೇ ಬರೆಯಲಿ ಎಂದು ಪಕ್ಕಕ್ಕೆ ಸರಿದಳು. ಐದು ಸಾಲು. ಒಂದೂ ಕೆಂಪಕ್ಷರ ಬರಲಿಲ್ಲ.

ರೋಲಪ್ಪ ಮತ್ತೆ ಫಿಟ್ ಒತ್ತಿದ. ಒಂದು ಉದ್ದದ ಕಾಗದ ಹಾಳು. ಅವನ ಅಂಗಡಿಯಲ್ಲೇ ನಿಂತು ಬೈದೆ. ಕಡ್ಡಿ ತೋಳು ಹಿಡಿದು ಎಳೆದಳು. ಎರಡನೆಯದು ಸರಿ ಬಂತು. ಕೌಂಟರಿನ ಮೇಲೆ ಕಾಗದ ಹಾಸಿ, ಅಕ್ಕನ ಟೇಪನ್ನು ಅದರ ಮೇಲಿಟ್ಟೆವು. ಒಂದರಿಂದ ನೂರರವರೆಗೆ ಒಂದೊಂದು ಗೆರೆಯೂ ಅದರದರ ಗೆರೆಯ ಮೇಲೆ ಕೂತಿತು.

"ಇದೇನು ಸಾರ್, ಅಡ್ಡಾದಿಡ್ಡಿ ಸ್ಕೇಲು?" ಎಂದ ರೋಲಪ್ಪ.

"ನಮ್ಮಕ್ಕಂದು," ಎಂದೆ.

ಸಂಜೆ ಆರಕ್ಕೆ ಬೇಕರಿಯವಳ ತೋಳು ಹೊಲಿದು ಮುಗಿಯಿತು.

ಮಾರ್ಚ್ 25, ಮಂಗಳವಾರ

ತೋಳು ಮೊಣಕೈ ದಾಟಿ ನಾಲ್ಕು ಬೆರಳು ಮೇಲೆ ನಿಂತಿತು. ಮೇಡಂ ಗಡಿಯಾರ ನೋಡುತ್ತ ಅರ್ಧ ಗಂಟೆ ಕೂರಿಸಿದರು. ಉಗುರು ಒತ್ತಿದರು, ಬಿಳಿಯಾಯಿತು, ಬಿಟ್ಟರು, ಕೆಂಪು ವಾಪಸು ಬಂತು. ಮತ್ತೆ ಒತ್ತಿದರು. ಐದೂ ಬೆರಳಿಗೆ.

"ಚಾಚಿ," ಎಂದರು.

ಬೇಕರಿಯವಳು ಹಲ್ಲು ಕಚ್ಚಿ ಚಾಚಿದಳು. ಪೂರ್ತಿ ಬರಲಿಲ್ಲ. ಹೋದ ವಾರಕ್ಕಿಂತ ಹೆಚ್ಚು ಎಂದೇನೂ ನನಗೆ ಕಾಣಲಿಲ್ಲ. ಈ ಬಿಗಿ ಹೀಗೇ ಇದ್ದರೆ ಆಪರೇಷನ್ ಬೇಕಾಗಲಿಕ್ಕಿಲ್ಲ ಎಂದರು ಮೇಡಂ. ಬೇಕಾಗಲಿಕ್ಕಿಲ್ಲ ಎಂದರೆ ಬೇಡ ಎಂದಲ್ಲ. ಅಷ್ಟನ್ನೇ ಹೇಳಬಲ್ಲರಂತೆ.

"ಹಿಟ್ಟು ನಾದಬಹುದಾ?"

"ನಾದ್ಬೇಕು. ಅದೇ ನಿಮ್ಮ ವ್ಯಾಯಾಮ. ಒಲೆ ಹತ್ರ ಮಾತ್ರ ಹೋಗ್ಬೇಡಿ."

"ಅಣ್ಣ, ನಿಮ್ಮಕ್ಕ ಹೊಲಿಸಿದ್ದಕ್ಕಿಂತ ಸ್ವಲ್ಪ ಕಚ್ಚುತ್ತೆ ಇದು," ಎಂದಳು ನನಗೆ.

"ಹೊಸದಲ್ವಾ, ಕಚ್ಚುತ್ತೆ. ಅಕ್ಕಂದೂ ಮೊದಲ ವಾರ ಕಚ್ತಿತ್ತು, ನೀವು ಮರ್ತಿದ್ದೀರಿ," ಎಂದೆ.

ಕಡ್ಡಿಯನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಏನೋ ಹೇಳಿದಳು, ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ.

ಮಾರ್ಚ್ 31, ಸೋಮವಾರ

ಸಂಜೆ ಆರೂವರೆ. ಎರಡು ಗವಸು, ಒಂದು ಮೊಣಕಾಲಿನದು. ಮೊಣಕಾಲಿನದನ್ನು ಒಮ್ಮೆ ಬಿಚ್ಚಿ ಹೊಲಿದೆ, ಮಂಡಿಯ ಬಾಗಿನ ಲೆಕ್ಕವನ್ನು ಕೋಡಿಗೆ ಇನ್ನೂ ಸರಿಯಾಗಿ ಹೇಳಲು ಬಂದಿಲ್ಲ. ಕಡ್ಡಿ ಮಾಡಿಕೊಡುತ್ತೇನೆ ಎಂದಳು. ನೀನು ಊಟ ಮಾಡು, ನಾನು ನೋಡಿಕೊಳ್ಳುತ್ತೇನೆ ಎಂದೆ.

ಮೀಟಿಂಗ್ ಮುಗಿಯಿತು. ಕಾಲಿನ ಬಟ್ಟೆಗಳೆಲ್ಲ ರೆಡಿಮೇಡ್ ಬರುತ್ತವೆ. ಕೈ ಮತ್ತು ಮುಖದ್ದು ನಮ್ಮಲ್ಲೇ, ಅದೂ ಆರು ತಿಂಗಳು ನೋಡಿ ಆಮೇಲೆ ಹೇಳುತ್ತಾರಂತೆ. ಅರ್ಧ ಕೆಲಸ ಹೋಯಿತು. ಹಾಗಾದರೆ ಇವತ್ತು ಆ ಮೊಣಕಾಲಿನದಕ್ಕೆ ಜೀವ ತೇಯ್ದದ್ದು ಯಾಕೆ ಎಂದು ಕೇಳಿದೆ. "ಅವರಿಗೆ ಮೂರು ಸೈಜೂ ಆಗಲ್ಲ, ಅದಕ್ಕೆ," ಎಂದರು ಮೇಡಂ. ಅಂಥವರು ಇನ್ನೂ ಬರುತ್ತಾರೆ ನೋಡುತ್ತಿರಿ ಎಂದೂ ಹೇಳಿದರು. ಸಮಾಧಾನಕ್ಕೆ ಹೇಳಿದರೋ ಏನೋ.

ಅಕ್ಕ ಇದ್ದಿದ್ದರೆ ಮೀಟಿಂಗಿನ ಒಳಗೇ ನುಗ್ಗಿ ಕೂರುತ್ತಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆದರೂ ಹೋಗಿ ಕೂತಿದ್ದೆ.

ನಾಳೆ ಮಂಗಳವಾರ. ಹೊಸಬರು ಮೂವರಿದ್ದಾರೆ, ಒಂಬತ್ತಕ್ಕೆ ಅಳತೆ. ಬೇಕರಿಯವಳು ಬರುವುದಿಲ್ಲ, ಕೆಲಸಕ್ಕೆ ಹೋಗುತ್ತಾಳೆ.